ನಿಲ್ಲಿಸುವುದಾದರೆ ಗಾರೆ ಕೆಲಸ ನಿಲ್ಲಲಿ, ಓದು ನಿಲ್ಲದಿರಲಿ

(ಹಾಸನದಲ್ಲಿ ಮಹಿಳಾ ಸಂಘವೊಂದರ ಸಭೆಯಲ್ಲಿ ಆಗಸ್ಟ್ ತಿಂಗಳಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಸಿವಿಲ್ ಎಂಜಿನಿಯರ್, ವೈದ್ಯೆಯಲ್ಲ. ಹಾಗಾಗಿ ಸಂಘದವರು ಮನೆ, ಓದು, ಮೊದಲ ಬಸಿರು ಮೂರನ್ನೂ ಸೇರಿಸಿ ಮಾತಾಡಿ ಅಂದಾಗ ಮನೆಯ ಕಡೆಯಿಂದಲೇ ಶುರು ಮಾಡುತ್ತೇನೆ ಅಂತ ಮೊದಲೇ ಹೇಳಿದ್ದೆ. ಈ ಮೂರೂ ಒಟ್ಟಿಗೆ ಬರುವುದು ನಮ್ಮಲ್ಲಿ ಅಪರೂಪವಲ್ಲ. ಮದುವೆಯಾದ ಒಂದೆರಡು ವರ್ಷದಲ್ಲೇ ಸೈಟು, ಪ್ಲಾನು, ಬ್ಯಾಂಕ್ ಸಾಲ ಅಂತ ಓಡಾಟ ಹತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಸೊಸೆಯ ಬಿ.ಎಡ್. ಅಥವಾ ಎಂ.ಎ. ಅರ್ಧದಲ್ಲಿರುತ್ತದೆ. ಅಷ್ಟರಲ್ಲಿ ಒಳ್ಳೆಯ ಸುದ್ದಿ. ಆಮೇಲೆ ಮನೆಯವರೆಲ್ಲ ಕೂತು ಒಂದು ತೀರ್ಮಾನಕ್ಕೆ ಬರುತ್ತಾರೆ: “ಓದು ಈ ವರ್ಷ ಬಿಡಲಿ, ಮುಂದೆ ನೋಡಿದರಾಯಿತು. ಹೆರಿಗೆಯೊಳಗೆ ಗೃಹಪ್ರವೇಶ ಮುಗಿಸಿಬಿಡೋಣ.”

ಯಾರೂ ಕೆಟ್ಟ ಮನಸ್ಸಿನಿಂದ ಆಡುವ ಮಾತಲ್ಲ ಇದು. ಆದರೂ ಸೈಟುಗಳಲ್ಲಿ ಓಡಾಡಿ ಇಷ್ಟು ಮನೆಗಳನ್ನು ಕಂಡ ಮೇಲೆ ಈ ತೀರ್ಮಾನ ಪೂರ್ತಿ ತಿರುವುಮುರುವಾಗಿದೆ ಅಂತ ನನಗೆ ಖಚಿತವಾಗಿದೆ. ಮಗುವಿನ ದಿನಗಳನ್ನು ಮುಂದೂಡಲು ಬರುವುದಿಲ್ಲ. ಓದನ್ನು ಮುಂದೂಡಬಹುದು, ಆದರೆ ಒಮ್ಮೆ ಕೈಬಿಟ್ಟರೆ ಮತ್ತೆ ಹಿಡಿಯುವವರು ಕಡಿಮೆ. ಮನೆಗೆ ಮಾತ್ರ ನಿಲ್ಲುವ ಜಾಗಗಳಿವೆ. ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಕಟ್ಟಡಕ್ಕೆ ನಷ್ಟವಿಲ್ಲ, ಕೆಲವು ಕಡೆ ಲಾಭವೇ ಇದೆ. ಮೂರರಲ್ಲಿ ಒಂದನ್ನು ನಿಲ್ಲಿಸಲೇಬೇಕು ಅಂದಾಗ ನಮ್ಮ ಕಣ್ಣು ಮೊದಲು ಹುಡುಗಿಯ ಪುಸ್ತಕದ ಮೇಲೆ ಬೀಳುವುದು ಯಾಕೆ? ಮೇಸ್ತ್ರಿಯ ಕರಣೆಯ ಮೇಲೆ ಯಾಕೆ ಬೀಳಬಾರದು?

ಮೊದಲು ಅವಸರದ ಮನೆ ಏನಾಗುತ್ತದೆ ನೋಡೋಣ. ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಹಾಕಿದ ದಿನದಿಂದ ಅದು ತನ್ನದೇ ಲೆಕ್ಕದಲ್ಲಿ ಗಟ್ಟಿಯಾಗುತ್ತದೆ. ನಮ್ಮ ದೇಶದ ಮಾನಕ, ಐಎಸ್ 456, ಇದನ್ನು ಸ್ಪಷ್ಟವಾಗಿ ಹೇಳಿದೆ. ಛಾವಣಿ ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರಿನೊಳಗಿದ್ದರೆ ಕೆಳಗಿನ ಆಧಾರಗಳನ್ನು ತೆಗೆಯಲು ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. ತೊಲೆ ಆರು ಮೀಟರಿನೊಳಗಿದ್ದರೆ 14 ದಿನ, ಮೀರಿದರೆ 21 ದಿನ. ಈಗ ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು. ಅದು ನಿಧಾನಕ್ಕೆ ಬಲ ಹಿಡಿಯುವುದರಿಂದ ಈ ದಿನಗಳನ್ನು ಇನ್ನಷ್ಟು ಹಿಗ್ಗಿಸಬೇಕು, ನೀರು ಉಣಿಸುವುದಂತೂ, ಅಂದರೆ ಕ್ಯೂರಿಂಗ್, ಕನಿಷ್ಠ 10 ದಿನ ನಡೆಯಬೇಕು. “ಮೇಡಂ, ಅವರಿಗೆ ಕಾರ್ತಿಕದಲ್ಲಿ ಹೆರಿಗೆ, ಅಷ್ಟರೊಳಗೆ ಮುಗಿಸಿಕೊಡಿ ಅಂತಿದಾರೆ” ಎಂದು ಗುತ್ತಿಗೆದಾರರು ಬಂದು ನಿಂತರೆ ಸೆಂಟ್ರಿಂಗ್, ಅಂದರೆ ಆ ಹಲಗೆ, ಆಧಾರಗಳನ್ನು, ಬೇಗ ಬಿಚ್ಚಲು ಅನುಮತಿ ಕೇಳುತ್ತಿದ್ದಾರೆ ಅಂತಲೇ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಕೊಡುವುದಿಲ್ಲ. ಒಣಗದ ಪ್ಲಾಸ್ಟರಿನ ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಗೋಡೆ ಬೂಷ್ಟು ಹಿಡಿಯುತ್ತದೆ. ಆ ಗೋಡೆಯ ಪಕ್ಕದಲ್ಲೇ ತೊಟ್ಟಿಲು ಕಟ್ಟಿರುತ್ತೀರಿ.

ಹಾಗಾದರೆ ಮನೆಯನ್ನು ಎಲ್ಲಿ ನಿಲ್ಲಿಸಬೇಕು?

ಮೊದಲ ಒಳ್ಳೆಯ ಜಾಗ ಪ್ಲಿಂತ್, ಅಂದರೆ ಪಾಯದ ಮೇಲೆ ಮನೆಯ ನೆಲ ಬರುವ ಮಟ್ಟ. ಪಾಯ ಎದ್ದು, ಪ್ಲಿಂತ್ ಬೀಮ್ ಹಾಕಿ, ಒಳಗೆ ಮಣ್ಣು ತುಂಬಿ ಬಿಡಬಹುದು. ಹಿಂದಿನವರು ಪಾಯ ಹಾಕಿ ಒಂದು ಮಳೆಗಾಲ ಬಿಡುತ್ತಿದ್ದುದಕ್ಕೆ ಕಾರಣವಿತ್ತು. ತುಂಬಿದ ಮಣ್ಣು ನೀರು ಕುಡಿದು ಕೂರುತ್ತದೆ, ಆಮೇಲೆ ನೆಲ ಕುಸಿದು ಟೈಲ್ಸ್ ಟೊಳ್ಳಾಗುವುದಿಲ್ಲ. ಹಾಗೆಂದು ಮಳೆಯ ಮೇಲೇ ಭಾರ ಹಾಕಬೇಡಿ. ಅರ್ಧ ಅಡಿಯ ಪದರಗಳಾಗಿ ಹಾಕಿಸಿ, ನೀರು ಬಿಟ್ಟು, ದಮ್ಮಸು ಮಾಡಿಸಿ. ಎರಡನೆಯ ಜಾಗ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು, ಛಾವಣಿ ಬಿದ್ದು ಕ್ಯೂರಿಂಗ್ ಮುಗಿದು ಸೆಂಟ್ರಿಂಗ್ ಬಿಚ್ಚಿದ ಮೇಲೆ. ಆಗ ಗೋಡೆಗೆ ಮಳೆಯ ಭಯವಿಲ್ಲ, ಬಾಡಿಗೆಯ ಸಾಮಾನೂ ಸೈಟಿನಲ್ಲಿಲ್ಲ. ಈ ಎರಡರ ನಡುವೆ ಲಿಂಟಲ್ ಮಟ್ಟದಲ್ಲೂ, ಅಂದರೆ ಬಾಗಿಲು ಕಿಟಕಿಗಳ ಮೇಲಿನ ಅಡ್ಡತೊಲೆಯ ಮಟ್ಟದಲ್ಲೂ, ನಿಲ್ಲಿಸಬಹುದು, ಗೋಡೆಯ ತಲೆಗೆ ತೆಳುವಾಗಿ ಗಾರೆ ಎಳೆಸಿ ಮುಚ್ಚಿಸಿದರೆ ಸಾಕು. ನಿಲ್ಲಿಸಬಾರದ ಜಾಗ ಒಂದೇ: ಸೆಂಟ್ರಿಂಗ್ ನಿಂತು, ಕಬ್ಬಿಣ ಕಟ್ಟಿ, ಕಾಂಕ್ರೀಟ್ ಬೀಳುವ ಮುಂಚೆ. ಅಲ್ಲಿಗೆ ಬಂದರೆ ಮುಗಿಸಿಯೇ ತೀರಬೇಕು.

ಎಲ್ಲಿ ನಿಲ್ಲಿಸಿದರೂ ಹೊರಗೆ ಚಾಚಿಕೊಂಡಿರುವ ಕಂಬದ ಕಬ್ಬಿಣಕ್ಕೆ ಸಿಮೆಂಟ್ ಹಾಲು ಬಳಿಸಿ. ಉಳಿದ ಸಿಮೆಂಟ್ ಚೀಲಗಳನ್ನು ಮನೆ ಕಟ್ಟುವ ಬೇರೆಯವರಿಗೆ ಕೊಟ್ಟುಬಿಡಿ, ಮೂರು ತಿಂಗಳು ದಾಟಿದ ಸಿಮೆಂಟು ಬಲ ಕಳೆದುಕೊಂಡಿರುತ್ತದೆ. ಬ್ಯಾಂಕಿನವರು ಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತವಾಗಿಯೇ ಹಣ ಬಿಡುತ್ತಾರೆ, ಬಿಟ್ಟ ಹಣಕ್ಕಷ್ಟೇ ಬಡ್ಡಿ. ನಿಲ್ಲಿಸುವ ವಿಷಯವನ್ನು ಅವರಿಗೆ ಲಿಖಿತವಾಗಿ ತಿಳಿಸಿ ಮುಂದಿನ ಕಂತು ತಡೆದಿಟ್ಟರೆ ಬಡ್ಡಿಯ ಹೊರೆಯೂ ಅಲ್ಲಿಗಿಂತ ಹೆಚ್ಚುವುದಿಲ್ಲ. ಮೇಸ್ತ್ರಿಯ ಜತೆ ಕರಾರು ಮಾಡುವಾಗಲೇ “ಈ ಹಂತದಲ್ಲಿ ಇಷ್ಟು ತಿಂಗಳು ಬಿಡುವು, ಆಮೇಲೆ ಇದೇ ದರ” ಎಂದು ಬರೆಸಿಕೊಳ್ಳಿ. ಕೆಲಸದವರಿಗೂ ಇದರಿಂದ ಕಷ್ಟವಿಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಬಂದ ಎಷ್ಟೋ ತಂಡಗಳು ಯುಗಾದಿಗೆ, ಸುಗ್ಗಿಗೆ ಹೇಗೂ ಊರಿಗೆ ಹೋಗಿಬರುತ್ತವೆ. ಮೊದಲೇ ಗೊತ್ತಿದ್ದರೆ ಅವರೂ ಬೇರೆ ಕೆಲಸ ಹಿಡಿದುಕೊಳ್ಳುತ್ತಾರೆ.

ನನ್ನ ಮೊದಲ ಮಗು ಹೊಟ್ಟೆಯಲ್ಲಿದ್ದಾಗ ನಾನು ಎಂ.ಟೆಕ್. ಓದುತ್ತಿದ್ದೆ. ನಮ್ಮ ಮನೆ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಓದು ಬಿಡುವ ಮಾತು ನಮ್ಮ ಮನೆಯಲ್ಲೂ ಎದ್ದಿತು. ಆಗ ನಮ್ಮತ್ತೆ, ಅವರು ಓದಿದ್ದು ಏಳನೇ ಕ್ಲಾಸು, ಎಲ್ಲರ ಮುಂದೆ ಹೇಳಿದರು: “ಗೋಡೆ ಎಲ್ಲಿಗೂ ಓಡಿಹೋಗಲ್ಲ. ಪರೀಕ್ಷೆ ಓಡಿಹೋಗತ್ತೆ. ಮೇಸ್ತ್ರಿಗೆ ಹೇಳಿಕಳ್ಸಿ, ನಮ್ಮ ಹುಡುಗಿ ಪರೀಕ್ಷೆ ಮುಗಿಸಿಕೊಂಡು ಬರ್ಲಿ ಅಂತ.” ಮನೆ ನಿಂತಿತು, ನಾನು ಪರೀಕ್ಷೆ ಬರೆದೆ. ಇಲ್ಲಿ ಅತ್ತೆಯರು ಬಹಳ ಜನ ಕೂತಿದ್ದೀರಿ. ಆ ಒಂದು ಮಾತು ಆಡುವ ಅಧಿಕಾರ ನಿಮ್ಮ ಕೈಯಲ್ಲಿದೆ. ಗಂಡ ಹೇಳಿದರೆ ಹೆಂಡತಿಯ ಪರ ಅನ್ನುತ್ತಾರೆ, ಸೊಸೆ ಹೇಳಿದರೆ ಹಟ ಅನ್ನುತ್ತಾರೆ. ನೀವು ಹೇಳಿದರೆ ಮನೆಯ ತೀರ್ಮಾನವಾಗುತ್ತದೆ.

ಬಸುರಿಯಿದ್ದಾಗ ಗೃಹಪ್ರವೇಶ ಮಾಡಬಾರದು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆಯಲ್ಲ, ಅದರ ಬಗ್ಗೆ ತುಂಬಾ ಜನ ಕೇಳುತ್ತಾರೆ. ಶಾಸ್ತ್ರದ ಮಾತು ನನಗೆ ಸೇರಿದ್ದಲ್ಲ. ಎಂಜಿನಿಯರಾಗಿ ಹೇಳುವುದಾದರೆ, ಕೊನೆಯ ಹಂತದ ಮನೆ ಬಸುರಿಗೆ ತಕ್ಕ ಜಾಗವೇ ಅಲ್ಲ. ಗ್ರಾನೈಟ್ ಕತ್ತರಿಸುವ, ಪುಟ್ಟಿ ಉಜ್ಜುವ ದೂಳು, ಥಿನ್ನರ್, ಟರ್ಪೆಂಟೈನ್, ಮರದ ಪಾಲಿಶ್‌ನ ವಾಸನೆ, ಕಂಬಿಯಿಲ್ಲದ ಮೆಟ್ಟಿಲು, ಮುಚ್ಚಳವಿಲ್ಲದ ಸಂಪು. ನಾವು ಮಾಡುವುದು ಮಾತ್ರ ಉಲ್ಟಾ. ಪಾಯ ತೋಡುವಾಗ ಅವಳನ್ನು ಯಾರೂ ಕರೆಯುವುದಿಲ್ಲ, ಟೈಲ್ಸ್, ಬಣ್ಣ, ಅಡುಗೆಮನೆ ಕಲ್ಲು ಆರಿಸುವ ಹೊತ್ತಿಗೆ “ಬಂದು ನೋಡಮ್ಮ” ಅನ್ನುತ್ತೇವೆ. ಆರಿಸುವುದು ಅವಳ ಹಕ್ಕು, ಅದನ್ನು ತಪ್ಪಿಸಬೇಡಿ. ನಡುವಿನ ತಿಂಗಳುಗಳಲ್ಲಿ, ವಾಕರಿಕೆ ನಿಂತು ಮೈ ಹಗುರಾಗಿರುವಾಗ, ಅಂಗಡಿಯಲ್ಲೇ ಕೂತು ಆರಿಸಿ ಟೈಲ್ಸಿನ ನಂಬರು, ಬಣ್ಣದ ನಂಬರು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಆಮೇಲೆ ಸೈಟಿಗೆ ಅವಳ ಬದಲು ಆ ನೋಟ್‌ಬುಕ್ ಹೋಗಲಿ.

ಕಣ್ಣಿಗೆ ಕಾಣದ ಮೂರು ಅಪಾಯಗಳನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಒಂದು, ಗೆದ್ದಲಿನ ಔಷಧಿ. ಪ್ಲಿಂತಿಗೆ ಮಣ್ಣು ತುಂಬುವಾಗ ಸಿಂಪಡಿಸುತ್ತಾರೆ. ಅದರಲ್ಲಿ ಕ್ಲೋರ್‌ಪೈರಿಫಾಸ್ ಅನ್ನುವುದು ಬಹಳ ಬಳಕೆಯಲ್ಲಿದೆ. ನರಗಳ ಮೇಲೆ ಕೆಲಸ ಮಾಡುವ ವಿಷ ಅದು, ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯುವುದಕ್ಕೆ ತೊಂದರೆ ಕೊಡಬಲ್ಲದು. ಸಿಂಪಡಿಸುವಾಗಲೂ ಆಮೇಲೆ ವಾಸನೆ ಇರುವಷ್ಟು ದಿನವೂ ಬಸುರಿ ಅತ್ತ ಹೋಗಬಾರದು. ಸಿಂಪಡಿಸಿ ಬಂದವರ ಬಟ್ಟೆಯನ್ನೂ ಅವಳ ಕೈಯಲ್ಲಿ ಒಗೆಸಬಾರದು.

ಎರಡು, ಹಳೆಯ ಬಣ್ಣ. ಹೊಸ ಮನೆಯನ್ನೇ ಎಲ್ಲರೂ ಕಟ್ಟುವುದಿಲ್ಲ. ಮಾವನವರ ಹಳೆಯ ಮನೆಗೇ ಒಂದು ಕೋಣೆ ಸೇರಿಸುವವರೇ ಹೆಚ್ಚು. ಆಗ ಹಳೆಯ ಕಿಟಕಿ, ಬಾಗಿಲುಗಳ ಬಣ್ಣ ಕೆರೆದು ಹೊಸದು ಹಚ್ಚುತ್ತಾರೆ. ಮನೆ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚಿನ ಎನಾಮಲ್ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು ಅಂತಲೇ ಇಟ್ಟುಕೊಳ್ಳಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದೇಶಕ್ಕೆಲ್ಲ ಎಚ್ಚರಿಕೆ ಹೇಳುತ್ತಾ ಬಂದವರು. ಸೀಸ ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂರುತ್ತದೆ, ಬಸಿರಿನಲ್ಲಿ ಮೂಳೆಯ ಸುಣ್ಣದಂಶ ಕರಗುವಾಗ ಅದೂ ರಕ್ತಕ್ಕೆ ಇಳಿದು ಮಾಸು ದಾಟಿ ಮಗುವಿಗೆ ಹೋಗುತ್ತದೆ. ಒಣಗಿದ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ಆ ದೂಳು ಇಡೀ ಮನೆಗೆ ಹರಡುತ್ತದೆ. ನೀರು ಹಚ್ಚಿ ಕೆರೆಸಿ, ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಷ್ಟು ದಿನ ಅವಳು ತವರಿನಲ್ಲಿರಲಿ.

ಮೂರನೆಯದನ್ನು ಯಾರೂ ಅಪಾಯ ಅಂದುಕೊಳ್ಳುವುದೇ ಇಲ್ಲ, ಅದು ಕ್ಯೂರಿಂಗ್ ನೀರು. ಮೋಲ್ಡಿನ ಮೇಲೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು, ನಮ್ಮ ಕ್ಯೂರಿಂಗೂ ಸರಿಯಾಗಿ ಅಷ್ಟೇ ದಿನ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಬಸುರಿ ಕಿಟಕಿಯ ಪಕ್ಕ ಕೂತು ಓದುವ ಹೊತ್ತಿನಲ್ಲಿ. ಬಸಿರಿನಲ್ಲಿ ಡೆಂಗಿ ಬಂದರೆ ಅವಧಿಗೆ ಮುಂಚೆ ಹೆರಿಗೆ, ರಕ್ತಸ್ರಾವದ ಭಯ ಇರುತ್ತದೆ. ನಮ್ಮ ರಾಜ್ಯ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಹಾಗೆಂದು ಕ್ಯೂರಿಂಗ್ ಬಿಡಲಾಗದು. ಐದು ದಿನಕ್ಕೊಮ್ಮೆ ಕಟ್ಟೆ ಒಡೆದು ನೀರು ಪೂರ್ತಿ ಹರಿಯಬಿಟ್ಟು, ಒಂದು ಹೊತ್ತು ಗುಡಿಸಿ, ಮತ್ತೆ ತುಂಬಿಸಿ. ಇಟ್ಟಿಗೆ ನೆನೆಸುವ ತೊಟ್ಟಿ, ಡ್ರಮ್ಮುಗಳಿಗೂ ಇದೇ ಕ್ರಮ. ಗೋಡೆ, ಕಂಬಗಳಿಗೆ ಗೋಣಿಚೀಲ ಸುತ್ತಿ ನೆನೆಸಿದರೆ ನೀರು ನಿಲ್ಲುವ ಪ್ರಶ್ನೆಯೇ ಇಲ್ಲ. ಬಾಡಿಗೆ ಮನೆ ಸೈಟಿನ ಪಕ್ಕದಲ್ಲೇ ಇದ್ದರೆ ಇದನ್ನು ಗಂಡನೇ ಖುದ್ದಾಗಿ ನೋಡಿಕೊಳ್ಳಬೇಕು, ಮೇಸ್ತ್ರಿಗೆ ಬಿಡುವ ಕೆಲಸವಲ್ಲ.

ಇನ್ನು ಓದು. ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ ನಿಯಮದಂತೆ ತರಗತಿಗೆ ಶೇ. 80 ಹಾಜರಾತಿ, ಶಾಲಾ ತರಬೇತಿಗೆ ಶೇ. 90. ಬಸುರಿಯರು ಸಿಕ್ಕಿಬೀಳುವುದು ಈ ಎರಡನೆಯದರಲ್ಲಿ. ಪಾಠವನ್ನು ಮನೆಯಲ್ಲಿ ಓದಿಕೊಳ್ಳಬಹುದು, ಹೈಸ್ಕೂಲಿನ ಮಕ್ಕಳ ಮುಂದೆ ದಿನವಿಡೀ ನಿಂತು ಪಾಠ ಮಾಡುವುದನ್ನು ಮನೆಗೆ ತರಲಾಗುವುದಿಲ್ಲ. ಇದೇ ಕಾರಣಕ್ಕೆ ಎಷ್ಟೋ ಹುಡುಗಿಯರು ಒಂದು ಸೆಮಿಸ್ಟರ್ ಬಿಟ್ಟವರು ಮತ್ತೆ ಬಂದಿಲ್ಲ.

ಆದರೆ ದಾರಿ ಇದೆ. 2021ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಲ್ಲ ವಿಶ್ವವಿದ್ಯಾಲಯಗಳಿಗೂ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿಯಲ್ಲಿ ವಿನಾಯಿತಿ, ಪರೀಕ್ಷಾ ಅರ್ಜಿಯ ದಿನಾಂಕ ವಿಸ್ತರಣೆ ಇವುಗಳಿಗೆ ನಿಯಮ ಮಾಡಿಕೊಳ್ಳಿ ಎಂದು ಹೇಳಿದೆ. ಪಿಎಚ್.ಡಿ. ಮಾಡುವವರಿಗೆ 2016ರ ನಿಯಮಗಳಲ್ಲೇ 240 ದಿನಗಳವರೆಗೆ ರಜೆಗೆ ಅವಕಾಶವಾಗಿದೆ. 2023ರಲ್ಲಿ ಎಂ.ಎಡ್. ವಿದ್ಯಾರ್ಥಿನಿಯೊಬ್ಬರಿಗೆ ಹಾಜರಾತಿ ನಿಯಮದ ನೆಪದಲ್ಲಿ ಹೆರಿಗೆ ರಜೆ ನಿರಾಕರಿಸಿದಾಗ ಅವರು ದೆಹಲಿ ಹೈಕೋರ್ಟಿಗೆ ಹೋದರು. ವಿಶ್ವವಿದ್ಯಾಲಯದ ಆದೇಶವನ್ನು ಕೋರ್ಟು ರದ್ದು ಮಾಡಿತು, ಅವರ 59 ದಿನಗಳ ರಜೆಯ ಕೋರಿಕೆಯನ್ನು ಮತ್ತೆ ಪರಿಗಣಿಸಲು ಹೇಳಿತು. ಒಬ್ಬ ವಿದ್ಯಾರ್ಥಿನಿ, ಅದೂ ಬಾಣಂತನದ ಹೊತ್ತಿನಲ್ಲಿ, ಇದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು ಅನ್ನುವುದನ್ನು ನೆನೆದರೆ ನನಗೆ ಅವರ ಬಗ್ಗೆ ತುಂಬಾ ಗೌರವ.

ನಿಮ್ಮ ಕಾಲೇಜಿನಲ್ಲಿ “ಅಂಥದ್ದೇನೂ ಇಲ್ಲಮ್ಮ” ಅಂದರೆ ಅಲ್ಲಿಗೆ ಬಿಡಬೇಡಿ. ಮೂರು ತಿಂಗಳು ತುಂಬುತ್ತಲೇ, ತಾಯಿ ಕಾರ್ಡಿನ ಪ್ರತಿ ಮತ್ತು ವೈದ್ಯರ ಪತ್ರ ಸೇರಿಸಿ ಪ್ರಾಂಶುಪಾಲರಿಗೆ ಅರ್ಜಿ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಏಳನೇ ತಿಂಗಳಲ್ಲಿ ಬಾಯಿಮಾತಲ್ಲಿ ಕೇಳುವುದಕ್ಕೂ ಮೂರನೇ ತಿಂಗಳಲ್ಲಿ ಕಾಗದದಲ್ಲಿ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಕೆಲಸದಲ್ಲಿದ್ದು ಓದುವವರಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ 26 ವಾರ ಹೆರಿಗೆ ರಜೆ ಇದೆ, ಅದರಲ್ಲಿ ಎಂಟು ವಾರ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಆದರೆ ಆ ಎಂಟು ವಾರ ಸೈಟಿಗೆ ಹೋಗಲಿಕ್ಕೆ ಅಂತ ಮನೆಯವರು ಲೆಕ್ಕ ಹಾಕಬಾರದು.

ಆಸ್ಪತ್ರೆಯ ದಿನಗಳ ಬಗ್ಗೆ ಆಶಾ ಕಾರ್ಯಕರ್ತೆಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನನ್ನದೊಂದೇ ಮಾತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. 18ರಿಂದ 20ನೇ ವಾರದ ಸ್ಕ್ಯಾನು ಮಗುವಿನ ಅಂಗಾಂಗ ನೋಡುವುದಕ್ಕೆ, ಅದು ತಡವಾಗಬಾರದು. ಮೋಲ್ಡಿನ ದಿನ ಗೊತ್ತು ಮಾಡುವಾಗ ಪಂಚಾಂಗದ ಪಕ್ಕದಲ್ಲಿ ತಾಯಿ ಕಾರ್ಡನ್ನೂ ಇಟ್ಟುಕೊಳ್ಳಿ.

ಮನೆಯ ಒಳಗಿನ ಬಗ್ಗೆ ಇನ್ನೊಂದು ವಿಷಯ ಹೇಳದೆ ನಾನು ಕೂರಲಾರೆ. ನಮ್ಮ ಬಾಣಂತನದಲ್ಲಿ ಕೆಂಡದ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಇರುತ್ತದೆ. ಹಂಚಿನ ಮನೆಗಳಲ್ಲಿ ಹಂಚಿನ ಸಂದುಗಳಿಂದ ಗಾಳಿ ಆಡುತ್ತಿತ್ತು, ಕೆಟ್ಟ ಅನಿಲ ನಿಲ್ಲುತ್ತಿರಲಿಲ್ಲ. ಈಗಿನ ಆರ್‌ಸಿಸಿ ಕೋಣೆ, ಗಟ್ಟಿ ಪ್ಲಾಸ್ಟಿಕ್ಕಿನ ಯುಪಿವಿಸಿ ಕಿಟಕಿ ಮುಚ್ಚಿದರೆ ಡಬ್ಬಿಯ ಹಾಗೆ ಬಿಗಿ. ಆ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಬಚ್ಚಲಿನೊಳಗೇ ಕೂರಿಸಿದ ಗ್ಯಾಸ್ ಗೀಸರ್‌ನಿಂದ ಆಗುವ ಸಾವುಗಳಿಗೂ ಇದೇ ಕಾರಣ. ಹೊಟ್ಟೆಯಲ್ಲಿರುವ ಮಗುವಿನ ರಕ್ತ ಈ ಅನಿಲವನ್ನು ತಾಯಿಯ ರಕ್ತಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಪ್ಲಾನಿನಲ್ಲೇ ಕೆಳಗಿನ ಅಂತಸ್ತಿಗೆ ಒಂದು ಕೋಣೆ, ಎದುರುಬದುರು ಗೋಡೆಗಳಲ್ಲಿ ಕಿಟಕಿ, ಮೇಲ್ಗಡೆ ಸದಾ ತೆರೆದಿರುವ ಗಾಳಿಕಿಂಡಿ ಬರೆಸಿ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೋಡೆಗೆ ಹೋಗಲಿ. ಅಗ್ಗಿಷ್ಟಿಕೆ ಮುಚ್ಚಿದ ಕೋಣೆಗೆ ಬರುವುದೇ ಬೇಡ. ಹಾಗೇ ಮೆಟ್ಟಿಲ ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಬಿಡಿಸಬೇಡಿ. ಒಂದು ವರ್ಷದಲ್ಲಿ ಅಲ್ಲಿ ಅಂಬೆಗಾಲಿಡುವವರು ಬರುತ್ತಾರೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದರು: “ಮೇಡಂ, ನನಗೀಗ ಐದು ತಿಂಗಳು. ಬಿ.ಎಡ್. ಶಾಲಾ ತರಬೇತಿ ನಡೀತಿದೆ. ಪ್ಲಿಂತ್ ಬೀಮ್ ಆಗಿದೆ. ಮೂರು ತಿಂಗಳಲ್ಲಿ ಮೋಲ್ಡ್ ಹಾಕ್ತೀನಿ ಅಂತಾರೆ ಮೇಸ್ತ್ರಿ. ಏನು ಮಾಡ್ಲಿ?”

ಪಕ್ಕದಲ್ಲಿ ಅವರ ಯಜಮಾನರೂ ಕೂತಿದ್ದರು, ಹಾಗಾಗಿ ಇಬ್ಬರಿಗೂ ಹೇಳಿದೆ. ಪ್ಲಿಂತಿನಲ್ಲೇ ನಿಲ್ಲಿಸಿ. ಮಣ್ಣು ತುಂಬಿಸಿ. ಉಳಿದ ಮಳೆ ಆ ಮಣ್ಣಿನ ಮೇಲೆ ಬೀಳಲಿ. ಗೆದ್ದಲಿನ ಔಷಧಿಯನ್ನು ಮಳೆ ನಿಂತು ಮಣ್ಣು ಒಣಗಿದ ಮೇಲೆ ಹೊಡೆಸಿ, ಆಗ ನೀವು ತವರಿನಲ್ಲಿರಿ. ಬ್ಯಾಂಕಿನ ಎರಡನೇ ಕಂತು ಕೇಳಬೇಡಿ. ತರಬೇತಿಗೆ ಮನೆಗೆ ಹತ್ತಿರದ ಶಾಲೆ ಕೊಡಿ ಎಂದು ಈ ವಾರವೇ ಅರ್ಜಿ ಹಾಕಿ, ಪಾಠಗಳನ್ನು ನವೆಂಬರಿಗೆ ಉಳಿಸಿಕೊಳ್ಳದೆ ಈಗಲೇ ಆದಷ್ಟು ಮುಗಿಸಿ. ಬಾಕಿ ಉಳಿಯುವ ದಿನಗಳನ್ನು ಹೆರಿಗೆಯ ನಂತರ ತುಂಬಿಕೊಡುತ್ತೇನೆ ಎಂದು ಅದೇ ಅರ್ಜಿಯಲ್ಲಿ ಬರೆಯಿರಿ. ಡಿಸೆಂಬರ್‌ನಲ್ಲಿ ಹೆರಿಗೆಯಾಗಿ ನೀವು ತವರಿನಲ್ಲಿರುವಾಗ, ಜನವರಿಯಲ್ಲಿ, ನಿಮ್ಮ ಯಜಮಾನರು ಗೋಡೆ ಶುರು ಮಾಡಿಸಲಿ.

“ಆಗ ನೀರಿನ ತೊಂದರೆ ಆಗಲ್ವಾ ಮೇಡಂ, ಬೇಸಿಗೆ ಅಲ್ವಾ?” ಅಂತ ಅವರ ಯಜಮಾನರು ಕೇಳಿದರು. ಆಗುತ್ತದೆ. ಅದಕ್ಕೇ ಗೋಡೆಗಿಂತ ಮುಂಚೆ ಸಂಪು ಕಟ್ಟಿಸಿ, ಈ ಮಳೆಗಾಲದಲ್ಲೇ ತುಂಬಿಸಿಕೊಳ್ಳಿ, ಕಟ್ಟಿದ ದಿನವೇ ಅದಕ್ಕೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಹಾಕಿಸಿ ಅಂದೆ.